ವ್ಯಾಕ್ಸಿನ್ ಎಲ್ಲಾ ಹಾಕಿದ್ದೇನೆ, ಆದರೂ ಕೊಕ್ಕರೆ ರೋಗ. ವೈರಸ್ಸೇ ಬದಲಾಗಿದೆಯಾ?

ಮದ್ದೂರು ಶೆಡ್:
ಎಲ್ಲರಿಗೂ ನಮಸ್ಕಾರ. ಮದ್ದೂರು ಹತ್ತಿರ ನನ್ನದೊಂದು ನಾಟಿ ಕ್ರಾಸ್ ಕೋಳಿ ಶೆಡ್ ಇದೆ. ಕಂಪನಿ ಮರಿ ಅಲ್ಲ, ಬಂಡವಾಳ ಪೂರ್ತಿ ನನ್ನದೇ. ಈ ಬ್ಯಾಚಿಗೆ ಈಗ ಏಳು ವಾರ. ಈ ವಾರ ಶುರುವಾದಾಗಿನಿಂದ ಸಾಯುತ್ತಿವೆ. ಹಸಿರು ಹಿಕ್ಕೆ ಹಾಕುತ್ತವೆ, ರೆಕ್ಕೆ ಇಳಿಬಿಟ್ಟು ಮೂಲೆ ಸೇರುತ್ತವೆ. ಕೆಲವು ಕತ್ತು ತಿರುಚಿಕೊಂಡು ಸುತ್ತುತ್ತವೆ. ನೋಡಿದವರೆಲ್ಲ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗ ಅಂದರು.

ವ್ಯಾಕ್ಸಿನ್ ಒಂದೂ ಬಿಟ್ಟಿಲ್ಲ. ಮೊದಲ ವಾರ ಕಣ್ಣಿಗೆ ಕೊಕ್ಕರೆ ರೋಗದ ಎಫ್1, ಎರಡನೇ ವಾರ ಗಂಬೋರೋ ರೋಗದ್ದು, ನಾಲ್ಕನೇ ವಾರ ನೀರಿನಲ್ಲಿ ಮತ್ತೆ ಕೊಕ್ಕರೆ ರೋಗದ್ದೇ ಲಸೋಟಾ. ಅದೇ ರೋಗಕ್ಕೆ ರೆಕ್ಕೆ ಕೆಳಗೆ ಚುಚ್ಚುವ ಆರ್2ಬಿ ಮುಂದಿನ ವಾರಕ್ಕೆ ಇತ್ತು. ಔಷಧಿ ಅಂಗಡಿಯವರು "ಹೊಸ ತಳಿ ಬಂದಿದೆ, ಹಳೇ ವ್ಯಾಕ್ಸಿನ್ ಅದಕ್ಕೆ ನಡೆಯಲ್ಲ" ಅಂತ ಹೇಳಿ ಟಾನಿಕ್ ಬಾಟಲಿ ಕೈಗೆ ಕೊಟ್ಟರು.

ನನಗೆ ಟಾನಿಕ್ ಬೇಡ, ಉತ್ತರ ಬೇಕು. ಕೋಳಿ ವೈರಸ್ ನಿಜವಾಗಿ ಬದಲಾಗುತ್ತಾ? ಬದಲಾದರೆ ನಾವು ಹಾಕೋ ವ್ಯಾಕ್ಸಿನ್‌ಗೆ ಅರ್ಥ ಏನು? ಗೊತ್ತಿರುವವರು ಬಿಡಿಸಿ ಹೇಳಿ.

ನಾಗಮಂಗಲ ನಾಟಿ:
ನಮ್ಮ ಕಡೆಯೂ ಇದೇ ಕಥೆ ಅಣ್ಣ. ಹೋದ ದೀಪಾವಳಿ ಹೊತ್ತಿಗೆ ಅರ್ಧ ಶೆಡ್ ಖಾಲಿ ಆಯಿತು. ವ್ಯಾಕ್ಸಿನ್ ಬಾಟಲಿ ಇನ್ನೂ ಫ್ರಿಜ್ಜಿನಲ್ಲೇ ಇದೆ.

ಪಾಂಡವಪುರ ಗುರು:
ವೈರಸ್ಸೂ ಇಲ್ಲ ಏನೂ ಇಲ್ಲ ಕಣಣ್ಣ. ನೂರಕ್ಕೆ ತೊಂಬತ್ತು ಕೇಸು ವ್ಯಾಕ್ಸಿನ್ ಕೊಡುವ ರೀತಿಯಲ್ಲೇ ಕೆಡುತ್ತದೆ. ಯಾವ ನೀರಿನಲ್ಲಿ ಕೊಟ್ಟಿರಿ? ಕ್ಲೋರಿನ್ ಇರುವ ನೀರಾದರೆ ಲಸೋಟಾ ಅಲ್ಲೇ ಸತ್ತು ಹೋಗುತ್ತದೆ. ಅದು ಜೀವಂತ ವೈರಸ್ ಅಲ್ವಾ. ಅಂಗಡಿಯಿಂದ ಶೆಡ್‌ವರೆಗೆ ಐಸ್ ಇತ್ತಾ?

ಮದ್ದೂರು ಶೆಡ್:
ಬೋರ್‌ವೆಲ್ ನೀರು. ಲೀಟರಿಗೆ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ, ಆಮೇಲೆ ವ್ಯಾಕ್ಸಿನ್ ಹಾಕಿದ್ದು. ಕೋಳಿಗಳನ್ನು ಮುಂಚೆ ಬಾಯಾರಿಸಿ, ಬೆಳಗಿನ ತಂಪಿನಲ್ಲಿ ಕೊಟ್ಟೆ. ಐಸ್ ಫ್ಲಾಸ್ಕ್‌ನಲ್ಲೇ ತಂದೆ. ಆ ಕಡೆಯಿಂದ ಎಳ್ಳಷ್ಟೂ ಲೋಪ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಕೆಆರ್ ಪೇಟೆ ಮೈಕ್ರೋ:
ನಾನು ಪಶುವೈದ್ಯಕೀಯದಲ್ಲಿ ಮೈಕ್ರೋಬಯಾಲಜಿ ಓದಿದವಳು. ಊರು ಕೆ.ಆರ್. ಪೇಟೆ. ಈ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಇಲ್ಲ, ಸ್ವಲ್ಪ ತಾಳ್ಮೆಯಿಂದ ಓದಿ.

ವೈರಸ್ ಬದಲಾಗುತ್ತದೆ, ಅದರಲ್ಲಿ ಅನುಮಾನ ಇಲ್ಲ. ಕೊಕ್ಕರೆ ರೋಗದ ವೈರಸ್ ಒಂದು ಆರ್‌ಎನ್‌ಎ ವೈರಸ್. ಅದರ ಜೀನೋಮ್ ಸುಮಾರು 15,000 ಅಕ್ಷರದಷ್ಟು ಉದ್ದ. ತನ್ನ ನಕಲು ಮಾಡಿಕೊಳ್ಳುವಾಗ ಆಗುವ ತಪ್ಪನ್ನು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ಹಾಗಾಗಿ ತಪ್ಪುಗಳು ಉಳಿದುಬಿಡುತ್ತವೆ. ಹೆಚ್ಚಿನವು ವೈರಸ್ಸಿಗೇ ಕೇಡು. ಎಲ್ಲೋ ಒಂದೊಂದು ಅದಕ್ಕೆ ಲಾಭ ತರುತ್ತದೆ.

1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಈ ರೋಗ ಕಂಡಿತು. ಸ್ವಲ್ಪ ಸಮಯಕ್ಕೇ ನಮ್ಮ ಕುಮಾವೂ ಬೆಟ್ಟದ ರಾಣಿಖೇತ್‌ನಲ್ಲೂ ಬಂತು. ಅಲ್ಲಿಂದ ಇಲ್ಲಿಯವರೆಗೆ ಅದು ಕವಲೊಡೆಯುತ್ತಲೇ ಇದೆ. ಈಗ ವಿಜ್ಞಾನಿಗಳು ಅದರಲ್ಲಿ 20ಕ್ಕೂ ಹೆಚ್ಚು ಜೀನೋಟೈಪ್, ಅಂದರೆ ಜೀನ್ ನೋಡಿ ವಿಂಗಡಿಸಿದ ಗುಂಪು, ಗುರುತಿಸಿದ್ದಾರೆ. ಲಸೋಟಾ ಅಮೆರಿಕದ ನ್ಯೂಜೆರ್ಸಿಯಲ್ಲಿ 1940ರ ದಶಕದಲ್ಲಿ ಸಿಕ್ಕಿದ್ದು, ಅದು ಜೀನೋಟೈಪ್ 2. ಮುಕ್ತೇಶ್ವರದಲ್ಲಿ ತಯಾರಾದ ಆರ್2ಬಿ ಜೀನೋಟೈಪ್ 3. ಭಾರತದಲ್ಲಿ ಈಚಿನ ವರ್ಷಗಳಲ್ಲಿ ಕೋಳಿ ಕೊಲ್ಲುತ್ತಿರುವ ತಳಿಗಳಲ್ಲಿ ಜೀನೋಟೈಪ್ 13ರದ್ದು ದೊಡ್ಡ ಪಾಲು.

ಇಷ್ಟು ಕೇಳಿದರೆ ಅಂಗಡಿಯವರ ಮಾತು ಸರಿ ಅನ್ನಿಸುತ್ತದೆ. ಆದರೆ ಜೀನೋಟೈಪ್ ಎಷ್ಟೇ ಇದ್ದರೂ ಸೀರೋಟೈಪ್ ಒಂದೇ. ಅಂದರೆ ಲಸೋಟಾ ಹಾಕಿದ ಕೋಳಿಯ ರಕ್ತದಲ್ಲಿ ಹುಟ್ಟುವ ಪ್ರತಿಕಾಯ ಎಲ್ಲಾ ಜೀನೋಟೈಪನ್ನೂ ಹಿಡಿಯುತ್ತದೆ. ಟೈಟರ್, ಅಂದರೆ ರಕ್ತದಲ್ಲಿನ ಪ್ರತಿಕಾಯದ ಮಟ್ಟ, ಚೆನ್ನಾಗಿದ್ದರೆ ಕೋಳಿ ಸಾಯುವುದಿಲ್ಲ. ವ್ಯತ್ಯಾಸ ಆಗುವುದು ಬೇರೆ ಕಡೆ: ವ್ಯಾಕ್ಸಿನ್ ತಳಿಗೂ ಹೊರಗಿನ ತಳಿಗೂ ದೂರ ಜಾಸ್ತಿಯಾದರೆ, ಕೋಳಿ ಬದುಕಿದರೂ ಗಂಟಲಿನಿಂದ, ಹಿಕ್ಕೆಯಿಂದ ವೈರಸ್ ಜಾಸ್ತಿ ಹೊರಗೆ ಬೀಳುತ್ತದೆ. ಹೀಗೆ ರೋಗ ಊರಲ್ಲಿ ಉಳಿದುಕೊಳ್ಳುತ್ತದೆ.

ಆದ್ದರಿಂದ ಅಣ್ಣ, ಏಳು ವಾರದ ಕೋಳಿ ಸಾಲಾಗಿ ಸತ್ತರೆ ನಾನು ಮೊದಲು ಕೇಳುವುದು ಟೈಟರ್ ಎಷ್ಟಿತ್ತು ಅಂತ. ತಳಿ ಯಾವುದು ಅನ್ನುವುದು ಆಮೇಲೆ.

ಪಾಂಡವಪುರ ಗುರು:
80 ವರ್ಷದ ಹಳೇ ವ್ಯಾಕ್ಸಿನ್ ಅಂತ ನೀವೇ ಹೇಳುತ್ತೀರಿ ಮೇಡಂ. ಹಾಗಿದ್ದರೆ ಹೊಸದು ಯಾಕೆ ಮಾಡಲ್ಲ? ರೈತರು ಅಂದರೆ ಅಷ್ಟೇನಾ?

ಕೆಆರ್ ಪೇಟೆ ಮೈಕ್ರೋ:
ಮಾಡಿದ್ದಾರೆ. ಜೀನೋಟೈಪ್ 7ಕ್ಕೆ ಹೊಂದುವ ವ್ಯಾಕ್ಸಿನ್ ಕೆಲವು ದೇಶಗಳಲ್ಲಿ ಮಾರಾಟದಲ್ಲಿದೆ. ವೈರಸ್ ಹೊರಬೀಳುವುದು ಅದರಿಂದ ಕಡಿಮೆ ಆಗುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ಯಾವ ತಳಿ ಓಡಾಡುತ್ತಿದೆ ಅಂತ ತಿಳಿಯದೆ ಯಾವುದಕ್ಕೆ ಹೊಂದಿಸುವುದು? ಮಂಡ್ಯದಲ್ಲಿ ಕೋಳಿ ಸತ್ತರೆ ಎಷ್ಟು ಜನ ಸ್ಯಾಂಪಲ್ ಕಳಿಸುತ್ತಾರೆ ಹೇಳಿ. ಗುಂಡಿ ತೋಡಿ ಮುಚ್ಚುತ್ತಾರೆ, ಇಲ್ಲವೇ ನಾಲೆಗೆ ಎಸೆಯುತ್ತಾರೆ. ಜೀನೋಟೈಪ್ ಗೊತ್ತಾಗುವುದು ಲ್ಯಾಬಿಗೆ ಬಂದ ಕೋಳಿಯದ್ದು ಮಾತ್ರ.

ಲೈನ್ ಗಾಡಿ:
ನಾಲೆಗೆ ಎಸೆಯೋದು ನಿಜ. ನಾನು ಶೆಡ್‌ನಿಂದ ಅಂಗಡಿಗೆ ಕೋಳಿ ಸಾಗಿಸುವ ಗಾಡಿ ಓಡಿಸುವವನು, ದಿನಾ ನೋಡುತ್ತೇನೆ. ಚೀಲ ಕಟ್ಟಿ ವಿಶ್ವೇಶ್ವರಯ್ಯ ನಾಲೆಗೆ ಬಿಡುತ್ತಾರೆ. ಕೆಳಗಿನ ಊರಿನವರು ಅದೇ ನೀರನ್ನು ದನಕ್ಕೂ ಕೋಳಿಗೂ ಕೊಡುತ್ತಾರೆ.

ಬನ್ನೂರು ಹಿತ್ತಿಲು:
ಅಯ್ಯೋ, ನಮ್ಮ ಕಡೆಯೂ ಹಾಗೇ. ಬೇಸಿಗೆಯಲ್ಲಿ ನೀರು ನಿಂತಾಗ ವಾಸನೆಗೆ ಹತ್ತಿರ ಹೋಗೋಕಾಗಲ್ಲ.

ತಾಲ್ಲೂಕು ಡಾಕ್ಟರು:
ನಾನು ಸರ್ಕಾರಿ ಪಶುವೈದ್ಯ, ಮೈಸೂರು ಜಿಲ್ಲೆಯಲ್ಲಿ ಕೆಲಸ. ಮೊದಲು ಒಂದು ಎಚ್ಚರಿಕೆ. ಕತ್ತು ತಿರುಚಿತು, ಹಸಿರು ಹಿಕ್ಕೆ ಹಾಕಿತು ಅಂತ ಕಣ್ಣಲ್ಲಿ ನೋಡಿ ಕೊಕ್ಕರೆ ರೋಗ ಅಂತ ತೀರ್ಮಾನ ಮಾಡಬೇಡಿ. ಹಕ್ಕಿಜ್ವರದಲ್ಲೂ ಹೀಗೇ ಕಾಣಬಹುದು. ಒಮ್ಮೆಲೇ ಜಾಸ್ತಿ ಸಾವು ಬಂದರೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮನೆಯಲ್ಲಿ ನೀವೇ ಕೊಯ್ದು ನೋಡಬೇಡಿ.

ಮದ್ದೂರಿನವರಿಗೆ ಒಂದು ಪ್ರಶ್ನೆ. ಲಸೋಟಾ ಕೊಡುವ ಮುಂಚೆ, ಅಂದರೆ ಮೂರು ನಾಲ್ಕನೇ ವಾರದಲ್ಲಿ, ಈ ಬ್ಯಾಚಿನಲ್ಲಿ ಏನಾದರೂ ತೊಂದರೆ ಇತ್ತಾ? ಬಿಳಿ ನೀರು ಹಿಕ್ಕೆ, ಗರಿ ಕೆದರಿಕೊಂಡು ನಿಲ್ಲುವುದು, ಎರಡು ಮೂರು ದಿನ ಸತ್ತು ಆಮೇಲೆ ತಾನಾಗೇ ನಿಂತು ಹೋಗುವುದು?

ಮದ್ದೂರು ಶೆಡ್:
ಹೌದು ಡಾಕ್ಟ್ರೇ! ಲಸೋಟಾಗೆ ಸ್ವಲ್ಪ ಮುಂಚೆ ಮಂಕಾಗಿದ್ದವು. ಕೆಲವು ಸತ್ತವು, ಆಮೇಲೆ ಸರಿಹೋಯಿತು. ಸುತ್ತಮುತ್ತ ಎಲ್ಲರೂ ಬಿಸಿಲಿನ ಧಗೆ ಅಂದರು. ಆಗ ಬಿಸಿಲೂ ಹಾಗೇ ಇತ್ತು.

ತಾಲ್ಲೂಕು ಡಾಕ್ಟರು:
ಹಾಗಾದರೆ ನಾನು ಗಂಬೋರೋ ಕಡೆ ನೋಡುತ್ತೇನೆ.

ಗಂಬೋರೋ ವೈರಸ್ ಕೂರುವುದು ಕೋಳಿಯ ಹಿಕ್ಕೆ ದ್ವಾರದ ಮೇಲೆ ಇರುವ ಬರ್ಸಾ ಎಂಬ ಗ್ರಂಥಿಯಲ್ಲಿ. ರೋಗ ನಿರೋಧಕ ಕಣಗಳು ಬೆಳೆದು ತಯಾರಾಗುವ ಜಾಗವೇ ಅದು. ಮೂರರಿಂದ ಆರು ವಾರದ ಮರಿಗೆ ಇದು ಬಡಿದರೆ ಬರ್ಸಾ ಮೊದಲು ಊದಿಕೊಂಡು, ಆಮೇಲೆ ಸಣ್ಣದಾಗಿ ಮುದುಡಿ ಹೋಗುತ್ತದೆ. ಆ ಹೊತ್ತಿನಲ್ಲಿ ಲಸೋಟಾ ಎಷ್ಟು ಶುದ್ಧವಾಗಿ ಕೊಟ್ಟರೂ ಕೋಳಿಯ ಮೈ ಅದಕ್ಕೆ ಸರಿಯಾಗಿ ಪ್ರತಿಕಾಯ ಮಾಡುವುದಿಲ್ಲ. ವ್ಯಾಕ್ಸಿನ್ ಸರಿ ಇತ್ತು, ಕೊಟ್ಟವರೂ ಸರಿ ಇದ್ದರು. ತೆಗೆದುಕೊಳ್ಳುವ ಶಕ್ತಿ ಕೋಳಿಗೆ ಉಳಿದಿರಲಿಲ್ಲ ಅನ್ನಿಸುತ್ತದೆ.

ಪಾಂಡವಪುರ ಗುರು:
ಗಂಬೋರೋ ವ್ಯಾಕ್ಸಿನ್ ಕೂಡ ಹಾಕಿದ್ದಾರಲ್ಲ ಡಾಕ್ಟ್ರೇ. ಅದು ಯಾಕೆ ಕೆಲಸ ಮಾಡಲಿಲ್ಲ?

ಕೆಆರ್ ಪೇಟೆ ಮೈಕ್ರೋ:
ಒಳ್ಳೆ ಪ್ರಶ್ನೆ. ವೈರಸ್ ಬದಲಾಗಿದ್ದು ನಮಗೆ ನಿಜವಾಗಿ ಪೆಟ್ಟು ಕೊಟ್ಟಿರುವುದು ಗಂಬೋರೋದಲ್ಲೇ.

ಈ ರೋಗ ಮೊದಲು ಕಂಡದ್ದು 1957ರ ಸುಮಾರಿಗೆ, ಅಮೆರಿಕದ ಡೆಲವೇರ್ ರಾಜ್ಯದ ಗಂಬೋರೋ ಎಂಬಲ್ಲಿ. ಆಗ ಸಾವು ಕಡಿಮೆ. 1980ರ ದಶಕದಲ್ಲಿ ಎರಡು ಕಡೆ ಎರಡು ರೀತಿ ಬದಲಾಯಿತು. ಅಮೆರಿಕದಲ್ಲಿ ಹಳೇ ವ್ಯಾಕ್ಸಿನ್‌ಗೆ ಸಿಗದ ವೇರಿಯಂಟ್‌ಗಳು ಬಂದವು. ಅವು ಕೋಳಿಯನ್ನು ಕೊಲ್ಲುವುದಿಲ್ಲ, ಸದ್ದಿಲ್ಲದೆ ಬರ್ಸಾ ತಿನ್ನುತ್ತವೆ. ಯುರೋಪಿನಲ್ಲಿ ಅತಿ ತೀವ್ರ ತಳಿ ಹುಟ್ಟಿತು, ಅದು ಏಷ್ಯಾಕ್ಕೆಲ್ಲ ಹರಡಿತು. 90ರ ದಶಕದಲ್ಲಿ ನಮ್ಮ ದೇಶದ ಶೆಡ್‌ಗಳಲ್ಲೂ ಬಹಳ ಕೋಳಿ ಹೋದವು. ಆಗ ಶೆಡ್ ಇಟ್ಟಿದ್ದ ಹಿರಿಯರನ್ನು ಕೇಳಿ, ಇವತ್ತಿಗೂ ಹೇಳುತ್ತಾರೆ.

ವೈರಸ್ಸಿನ ಮೈ ಮೇಲೆ ವಿಪಿ2 ಎಂಬ ಪ್ರೋಟೀನ್ ಇದೆ. ಕೋಳಿಯ ಪ್ರತಿಕಾಯ ಹಿಡಿಯುವುದು ಅದನ್ನೇ. ಅದರ ಒಂದು ಚಿಕ್ಕ ಭಾಗ ಬೇಗ ಬೇಗ ಬದಲಾಗುತ್ತದೆ. ಅಲ್ಲಿ ಒಂದೆರಡು ಅಮೈನೋ ಆಮ್ಲ ಬದಲಾದರೂ ಸಾಕು, ಪ್ರತಿಕಾಯಕ್ಕೆ ಹಿಡಿತ ಸಿಗುವುದಿಲ್ಲ. ಜೊತೆಗೆ ಈ ವೈರಸ್ಸಿನ ಜೀನೋಮ್ ಎರಡು ತುಂಡಾಗಿದೆ. ಒಂದೇ ಕೋಳಿಗೆ ಎರಡು ತಳಿ ಸೇರಿದರೆ ತುಂಡುಗಳು ಅದಲು ಬದಲಾಗಿ ಬೆರಕೆ ತಳಿ ಹುಟ್ಟುತ್ತದೆ. ಒಂದು ತುಂಡು ತೀವ್ರ ತಳಿಯದ್ದು, ಇನ್ನೊಂದು ಬೇರೆ ತಳಿಯದ್ದು ಇರುವ ವೈರಸ್‌ಗಳು ಹಲವು ದೇಶಗಳಲ್ಲಿ ಸಿಕ್ಕಿವೆ.

ಆದರೆ ಮದ್ದೂರಿನ ಶೆಡ್‌ನಲ್ಲಿ ಇದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಇನ್ನೊಂದು ಕಾರಣವೂ ಇರಬಹುದು. ತಾಯಿ ಕೋಳಿಯಿಂದ ಬಂದ ಪ್ರತಿಕಾಯ ಮರಿಯಲ್ಲಿ ಜಾಸ್ತಿ ಇದ್ದಾಗ ಗಂಬೋರೋ ವ್ಯಾಕ್ಸಿನ್ ಹಾಕಿದರೆ, ಆ ಪ್ರತಿಕಾಯವೇ ವ್ಯಾಕ್ಸಿನ್ ವೈರಸ್ಸನ್ನು ಹಿಡಿದು ಮುಗಿಸಿಬಿಡುತ್ತದೆ. ಬೇರೆ ಬೇರೆ ಕಡೆಯ ಮೊಟ್ಟೆ ಸೇರಿಸಿ ಮರಿ ಮಾಡಿದ ಬ್ಯಾಚಿನಲ್ಲಿ ಇದು ಒಂದೊಂದು ಮರಿಗೆ ಒಂದೊಂದು ಥರ ಇರುತ್ತದೆ. ನಾಟಿ ಕ್ರಾಸ್ ಮರಿಗಳು ಹೆಚ್ಚಾಗಿ ಹಾಗೇ ಬರುತ್ತವೆ ಅಲ್ವಾ?

ಮದ್ದೂರು ಶೆಡ್:
ಹೌದು ಮೇಡಂ. ಮೊಟ್ಟೆ ಎರಡು ಮೂರು ಕಡೆಯಿಂದ ಬಂದಿದ್ದು ಅಂತ ಹ್ಯಾಚರಿಯವರೇ ಹೇಳಿದ್ದರು.

ಮೊಟ್ಟೆ ಶೆಡ್ ನಂಜನಗೂಡು:
ನಾವು ಲೇಯರ್, ಅಂದರೆ ಮೊಟ್ಟೆ ಕೋಳಿ ಸಾಕುವವರು. ನಮಗೆ ಐಬಿ (ಇನ್ಫೆಕ್ಷಿಯಸ್ ಬ್ರಾಂಕೈಟಿಸ್) ರೋಗದ ಕಾಟ ಜಾಸ್ತಿ. ಕೋಳಿ ಸಾಯಲ್ಲ, ಮೊಟ್ಟೆ ಕೆಡುತ್ತದೆ. ಸಿಪ್ಪೆ ಸುಕ್ಕು ಸುಕ್ಕು, ಒಡೆದರೆ ಬಿಳಿ ಭಾಗ ನೀರು. ವ್ಯಾಪಾರಿ ಟ್ರೇ ನೋಡಿ ಮುಖ ತಿರುಗಿಸುತ್ತಾನೆ. ಮ್ಯಾಸ್ (ಮ್ಯಾಸಚೂಸೆಟ್ಸ್) ತಳಿಯ ಐಬಿ ವ್ಯಾಕ್ಸಿನ್ ಹಾಕಿದರೂ ಬರುತ್ತದೆ. ಇದೂ ತಳಿ ಬದಲಾದ ಕಾರಣಕ್ಕಾ ಮೇಡಂ?

ಕೆಆರ್ ಪೇಟೆ ಮೈಕ್ರೋ:
ಐಬಿಯಲ್ಲಿ ಆ ಅನುಮಾನ ಪಡುವುದು ಸರಿ. ಅದು ಕೊರೊನಾ ಗುಂಪಿನ ವೈರಸ್, ಜೀನೋಮ್ 27,000 ಅಕ್ಷರಕ್ಕೂ ಉದ್ದ. ತಪ್ಪು ತಿದ್ದುವ ಕಿಣ್ವ ಅದಕ್ಕಿದೆ. ಆದರೂ ಎರಡು ತಳಿ ಒಂದೇ ಕೋಳಿಯಲ್ಲಿ ಸೇರಿದಾಗ ಒಂದರ ಭಾಗ ಇನ್ನೊಂದಕ್ಕೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಅದರಲ್ಲೂ ಸ್ಪೈಕ್ ಪ್ರೋಟೀನಿನ ಮುಂಭಾಗ, ಎಸ್1, ತುಂಬಾ ಬದಲಾಗುತ್ತದೆ. ಕೊಕ್ಕರೆ ರೋಗದ ಹಾಗೆ ಇಲ್ಲಿ ಸೀರೋಟೈಪ್ ಒಂದೇ ಅಲ್ಲ, ಬಹಳ ಇವೆ. ಒಂದರ ವ್ಯಾಕ್ಸಿನ್ ಇನ್ನೊಂದಕ್ಕೆ ಅರೆಬರೆ ರಕ್ಷಣೆ ಕೊಡಬಹುದು, ಕೊಡದೆಯೂ ಇರಬಹುದು. 4/91 ಅಂತ ಇನ್ನೊಂದು ತಳಿಯ ವ್ಯಾಕ್ಸಿನ್ ಇದೆ. ಎರಡನ್ನೂ ಸೇರಿಸಿ ಕೊಟ್ಟರೆ ರಕ್ಷಣೆಯ ಹರವು ದೊಡ್ಡದಾಗುತ್ತದೆ. ನಿಮ್ಮ ಶೆಡ್‌ಗೆ ಅದು ಬೇಕಾ ಅಂತ ಸ್ಯಾಂಪಲ್ ನೋಡಿ, ನಿಮ್ಮ ಡಾಕ್ಟರ ಹತ್ತಿರ ಮಾತಾಡಿ ತೀರ್ಮಾನ ಮಾಡಿ.

ಕುಂಬಾರಕೊಪ್ಪಲು ವಾಸಿ:
ಕೊರೊನಾ ಅಂದ ಕೂಡಲೇ 2020ರ ಮಾರ್ಚ್ ನೆನಪಾಯಿತು. ನಮ್ಮ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಬಂದದ್ದೂ ಅದೇ ತಿಂಗಳು. ಪಿಪಿಇ ಹಾಕಿಕೊಂಡು ಬಂದು ಸುತ್ತಲಿನ ಕೋಳಿಗಳನ್ನೆಲ್ಲ ಹಿಡಿದುಕೊಂಡು ಹೋದರು. ಮನೆಯಲ್ಲಿ ಎರಡು ಕೋಳಿ ಸಾಕಿದ್ದವರದ್ದೂ ಬಿಡಲಿಲ್ಲ. ಇನ್ನೊಂದು ಕಡೆ ಕೋಳಿ ತಿಂದರೆ ಕೊರೊನಾ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಗುಲ್ಲು. ಕೋಳಿ ಕೇಳುವವರೇ ಇರಲಿಲ್ಲ.

ನಾಗಮಂಗಲ ನಾಟಿ:
ಆ ಗುಲ್ಲಿನಿಂದ ಎಷ್ಟು ಜನ ಸಾಲಕ್ಕೆ ಸಿಕ್ಕಿದರೋ. ಕೋಳಿಯನ್ನು ಸುಮ್ನೆ ಹಂಚಿದವರೂ ಇದ್ದಾರೆ.

ತಾಲ್ಲೂಕು ಡಾಕ್ಟರು:
ಕೋಳಿಯ ಐಬಿ ವೈರಸ್ ಬೇರೆ, ಕೋವಿಡ್ ವೈರಸ್ ಬೇರೆ. ಐಬಿ ಮನುಷ್ಯರಿಗೆ ಬರುವುದಿಲ್ಲ. ಎರಡೂ ಒಂದೇ ದೊಡ್ಡ ಕುಟುಂಬದವು ಅಷ್ಟೇ. ಹಕ್ಕಿಜ್ವರ ಮನುಷ್ಯರಿಗೆ ಬರಬಹುದು, ಆದರೆ ಚೆನ್ನಾಗಿ ಬೇಯಿಸಿ ತಿಂದವರಿಗೆ ಅಲ್ಲ. ರೋಗದ ಕೋಳಿಯನ್ನು ಹಿಡಿದವರು, ಕೊಯ್ದವರು ಹುಷಾರಾಗಿರಬೇಕು. 70 ಡಿಗ್ರಿಗಿಂತ ಬಿಸಿಯಲ್ಲಿ ಪೂರ್ತಿ ಬೆಂದರೆ ವೈರಸ್ ಉಳಿಯುವುದಿಲ್ಲ.

ಪಾಂಡವಪುರ ಗುರು:
ಹಕ್ಕಿಜ್ವರಕ್ಕೆ ವ್ಯಾಕ್ಸಿನ್ ಹಾಕುವುದು ಬಿಟ್ಟು ಕೋಳಿ ಕೊಲ್ಲುವುದು ಯಾವ ನ್ಯಾಯ? ಒಂದು ಮನೆಯಲ್ಲಿ ರೋಗ ಬಂದರೆ ಸುತ್ತ 1 ಕಿಲೋಮೀಟರ್ ಒಳಗಿನ ಎಲ್ಲವನ್ನೂ ಮುಗಿಸುತ್ತಾರೆ.

ತಾಲ್ಲೂಕು ಡಾಕ್ಟರು:
ನೋವು ಅರ್ಥವಾಗುತ್ತದೆ. ಆ ಕೆಲಸಕ್ಕೆ ಹೋದ ನಮ್ಮ ಸಿಬ್ಬಂದಿಗೂ ಸುಲಭ ಅಲ್ಲ, ಮನೆಯವರು ಅಳುತ್ತಾ ನಿಂತಿರುತ್ತಾರೆ. ಆದರೆ ಈ ವೈರಸ್ ಬದಲಾಗುವ ವೇಗ ನೋಡಿ. ಅದರ ಜೀನೋಮ್ ಎಂಟು ಬೋಗಿಯ ರೈಲಿನ ಹಾಗೆ. ಎರಡು ರೈಲು ಒಂದೇ ನಿಲ್ದಾಣಕ್ಕೆ ಬಂದರೆ ಬೋಗಿಗಳು ಅದಲು ಬದಲಾಗಿ ಹೊಸ ರೈಲೇ ಹೊರಡುತ್ತದೆ. ಹಕ್ಕಿಗಳಲ್ಲಿ ಎಚ್ ಪ್ರೋಟೀನಿನ 16 ವಿಧ, ಎನ್ ಪ್ರೋಟೀನಿನ 9 ವಿಧ ಬಹಳ ಹಿಂದೆಯೇ ಸಿಕ್ಕಿವೆ. 1996ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಹೆಬ್ಬಾತಿನಲ್ಲಿ ಸಿಕ್ಕ ಎಚ್5ಎನ್1ನ ವಂಶವೇ ಕವಲೊಡೆದು ಕವಲೊಡೆದು ಇವತ್ತು ಜಗತ್ತೆಲ್ಲ ಓಡಾಡುತ್ತಿದೆ. 2006ರಲ್ಲಿ ಮಹಾರಾಷ್ಟ್ರದ ನವಾಪುರಕ್ಕೆ ಬಂತು, 2012ರಲ್ಲಿ ಬೆಂಗಳೂರು ಹತ್ತಿರ ಹೆಸರಘಟ್ಟಕ್ಕೆ. 2024ರಲ್ಲಿ ಅಮೆರಿಕದಲ್ಲಿ ಹಾಲು ಕೊಡುವ ಹಸುಗಳಲ್ಲೂ ಕಂಡಿತು. ಬರೀ ಲಕ್ಷಣ ಮುಚ್ಚಿ, ಒಳಗೊಳಗೇ ಹರಡಲು ಬಿಡುವ ವ್ಯಾಕ್ಸಿನ್ ಆದರೆ ರೋಗ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಆ ಭಯ ಸುಳ್ಳಲ್ಲ. ಚೀನಾ, ಈಜಿಪ್ಟ್ ವರ್ಷಗಳಿಂದ ವ್ಯಾಕ್ಸಿನ್ ಹಾಕುತ್ತಿವೆ, ರೋಗ ಪೂರ್ತಿ ಹೋಗಿಲ್ಲ.

ಹುಣಸೂರು ಹುಡುಗ:
ಅಂದರೆ ವ್ಯಾಕ್ಸಿನ್ ಹಾಕಿದಷ್ಟೂ ವೈರಸ್ ಜೋರಾಗುತ್ತದೆ ಅಂತಾಯಿತು. ಮಾರೆಕ್ಸ್ ರೋಗದಲ್ಲಿ ಹೀಗೇ ಆಗಿದೆ ಅಂತ ಎಲ್ಲೋ ಓದಿದ್ದೆ. ನಮ್ಮ ಮುತ್ತಾತನ ಕಾಲದಲ್ಲಿ ವ್ಯಾಕ್ಸಿನ್ ಇರಲಿಲ್ಲ, ಕೋಳಿ ಚೆನ್ನಾಗೇ ಇದ್ದವು.

ಬನ್ನೂರು ಹಿತ್ತಿಲು:
ಚೆನ್ನಾಗೆಲ್ಲಿ ಇದ್ದವಪ್ಪ? ನಮ್ಮ ಅಜ್ಜಿ ಹೇಳೋರು, ಬೇಸಿಗೆ ಬಂದರೆ ಊರಿನ ಕೋಳಿ ಗೂಡುಗಳೆಲ್ಲ ಖಾಲಿ. ಉಳಿದ ಒಂದೆರಡರಿಂದ ಮತ್ತೆ ಮರಿ ಮಾಡಿಸಬೇಕಿತ್ತು. ಈಗ ನಾನು ಹಿತ್ತಿಲಲ್ಲಿ ಸಾಕಿರೋ ಕೋಳಿಗೆ ವರ್ಷಕ್ಕೆರಡು ಸಲ ಹಾಕಿಸುತ್ತೇನೆ, ಮಕ್ಕಳ ಸ್ಕೂಲ್ ಫೀಸಿಗೆ ಆಗುತ್ತದೆ.

ಕೆಆರ್ ಪೇಟೆ ಮೈಕ್ರೋ:
ಅಕ್ಕ ಸರಿಯಾಗಿ ಹೇಳಿದರು.

ಮಾರೆಕ್ಸ್ ವಿಷಯ ಹುಣಸೂರಿನವರು ಅರ್ಧ ಓದಿದ್ದಾರೆ. 1907ರಲ್ಲಿ ಹಂಗೇರಿಯ ಯೋಸೆಫ್ ಮಾರೆಕ್ ಕಾಲು ಸೋತ ಕೋಳಿಗಳ ಬಗ್ಗೆ ಬರೆದರು. ಇದು ಹರ್ಪಿಸ್ ಗುಂಪಿನ ಡಿಎನ್‌ಎ ವೈರಸ್. 1970ರ ಸುಮಾರಿಗೆ ಟರ್ಕಿ ಕೋಳಿಯ ವೈರಸ್ಸಿನಿಂದ ವ್ಯಾಕ್ಸಿನ್ ಬಂತು. ಅದು ಈ ರೋಗದಲ್ಲಿ ಮೈಯೊಳಗೆ ಬೆಳೆಯುವ ಗಡ್ಡೆ ತಡೆಯುತ್ತದೆ, ಸೋಂಕು ತಡೆಯುವುದಿಲ್ಲ. ಅಲ್ಲಿಂದ ಈಚೆಗೆ ಹಂತ ಹಂತವಾಗಿ ಹೆಚ್ಚು ತೀವ್ರ ತಳಿಗಳು ಬಂದವು. 2015ರಲ್ಲಿ ಆಂಡ್ರ್ಯೂ ರೀಡ್ ಮತ್ತು ಜೊತೆಗಾರರು ಪ್ರಯೋಗ ಮಾಡಿ ತೋರಿಸಿದರು: ವ್ಯಾಕ್ಸಿನ್ ಇಲ್ಲದ ಕೋಳಿಗೆ ಅತಿ ತೀವ್ರ ತಳಿ ಬಡಿದರೆ, ವೈರಸ್ ಹರಡುವ ಮೊದಲೇ ಕೋಳಿ ಸಾಯುತ್ತದೆ, ತಳಿಯೂ ಅಲ್ಲೇ ನಿಲ್ಲುತ್ತದೆ. ವ್ಯಾಕ್ಸಿನ್ ಹಾಕಿದ ಕೋಳಿ ಬದುಕಿ, ಗರಿಯ ದೂಳಿನಲ್ಲಿ ವೈರಸ್ ಉದುರಿಸುತ್ತಲೇ ಇರುತ್ತದೆ.

ಇದರಿಂದ ವ್ಯಾಕ್ಸಿನ್ ಬೇಡ ಅನ್ನುವ ತೀರ್ಮಾನಕ್ಕೆ ಬರಬೇಡಿ. ಅಂಥ ತಳಿ ಓಡಾಡುವ ಕಡೆ ವ್ಯಾಕ್ಸಿನ್ ಇಲ್ಲದ ಕೋಳಿಗೇ ಮೊದಲ ಸಾವು. ಸೋಂಕು ಹರಡುವುದನ್ನೂ ತಡೆಯುವ ವ್ಯಾಕ್ಸಿನ್ ಬೇಕು, ಶೆಡ್ ಶುಚಿಯಾಗಿರಬೇಕು, ಒಂದು ಶೆಡ್‌ನಲ್ಲಿ ಒಂದೇ ವಯಸ್ಸಿನ ಕೋಳಿ ಇರಬೇಕು. ಮೂರೂ ಒಟ್ಟಿಗೇ ಬೇಕು.

ಹುಣಸೂರು ಹುಡುಗ:
ಸರಿ ಅಕ್ಕ. ಆದರೂ ಸಾಧು ವೈರಸ್ ತಾನಾಗೇ ಕೊಲೆಗಾರ ಆಗುತ್ತಾ? ವ್ಯಾಕ್ಸಿನ್ ಇಲ್ಲದ ಕಡೆ ಹಾಗೆ ಆದ ಉದಾಹರಣೆ ಇದೆಯಾ?

ಕೆಆರ್ ಪೇಟೆ ಮೈಕ್ರೋ:
ಇದೆ. 1998ರಲ್ಲಿ ಆಸ್ಟ್ರೇಲಿಯಾದಲ್ಲಿ ಬಂದ ಕೊಕ್ಕರೆ ರೋಗ ಹೊರಗಿನಿಂದ ಬಂದದ್ದಲ್ಲ. ಅಲ್ಲೇ ಕೋಳಿಗಳಲ್ಲಿ ಸುತ್ತುತ್ತಿದ್ದ ಸಾಧು ತಳಿಯೇ ಬದಲಾಯಿತು. ವೈರಸ್ ಜೀವಕೋಶದೊಳಗೆ ನುಗ್ಗಲು ಬಳಸುವ ಎಫ್ ಪ್ರೋಟೀನ್ ಕತ್ತರಿಸಿಕೊಳ್ಳುವ ಜಾಗದಲ್ಲಿ ಒಂದೆರಡು ಬದಲಾವಣೆ, ಅಷ್ಟೇ. ಮೊದಲು ಶ್ವಾಸನಾಳ, ಕರುಳಿನಲ್ಲಿ ಮಾತ್ರ ಬೆಳೆಯುತ್ತಿದ್ದದ್ದು ಆಮೇಲೆ ಮಿದುಳಿನವರೆಗೆ ಮೈಯೆಲ್ಲ ಬೆಳೆಯುವಂತಾಯಿತು. 1983ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಚ್5ಎನ್2 ಹಕ್ಕಿಜ್ವರವೂ ಹೀಗೇ, ಏಪ್ರಿಲ್‌ನಲ್ಲಿ ಸೌಮ್ಯ, ಅಕ್ಟೋಬರ್‌ನಲ್ಲಿ ಭೀಕರ. ಕೋಳಿ ಗುಂಪಾಗಿ ಒತ್ತೊತ್ತಾಗಿರುವ ಕಡೆ ವೈರಸ್ಸಿಗೆ ಇಂಥ ಅವಕಾಶ ಜಾಸ್ತಿ.

ಲೈನ್ ಗಾಡಿ:
ಎಲ್ಲಾ ಸರಿ, ಕೊಕ್ಕರೆ ಬೆಳ್ಳೂರು, ರಂಗನತಿಟ್ಟು ಪಕ್ಕದಲ್ಲೇ ಇಟ್ಟುಕೊಂಡು ರೋಗ ಬರಬೇಡ ಅಂದರೆ ಹೇಗೆ? ಸಾವಿರಾರು ಹಕ್ಕಿ ಎಲ್ಲೆಲ್ಲಿಂದಲೋ ಬರುತ್ತವೆ.

ಹದಿನಾರು ಕೆರೆ:
ದಯವಿಟ್ಟು ಹಕ್ಕಿಗಳ ಮೇಲೆ ಹಾಕಬೇಡಿ. ನಾನು ಚಳಿಗಾಲವೆಲ್ಲ ಹದಿನಾರು ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತು ನೋಡುವವನು. ಹಕ್ಕಿಜ್ವರದ ವಿಷಯದಲ್ಲಿ ನೀರುಹಕ್ಕಿಗಳ ಪಾತ್ರ ಇದೆ, ಅದು ನಿಜ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಹಕ್ಕಿ ಸತ್ತವು, ಅದರಲ್ಲಿ ಪಟ್ಟೆತಲೆ ಹೆಬ್ಬಾತೇ ಜಾಸ್ತಿ. 2017ರ ಜನವರಿಯಲ್ಲಿ ನಮ್ಮ ಮೈಸೂರು ಝೂ ಒಂದು ತಿಂಗಳು ಮುಚ್ಚಿದ್ದೂ ಎಚ್5ಎನ್8 ಕಾರಣಕ್ಕೆ. ಆದರೆ ಆ ಕೊಲೆಗಾರ ತಳಿ ಹುಟ್ಟಿ ಬೆಳೆದದ್ದು ಸಾಕಿದ ಹಕ್ಕಿಗಳ ನಡುವೆ. ಅಲ್ಲಿಂದ ಕಾಡು ಹಕ್ಕಿಗಳಿಗೆ ಹೋಯಿತು, ಮತ್ತೆ ವಾಪಸ್ ಬಂತು. ಇನ್ನು ಗಂಬೋರೋ, ಮಾರೆಕ್ಸ್, ಐಬಿ ಎಲ್ಲ ಶೆಡ್‌ನಿಂದ ಶೆಡ್‌ಗೆ ಹೋಗುವ ರೋಗಗಳು. ಅದಕ್ಕೆ ಕೊಕ್ಕರೆ ಏನು ಮಾಡುತ್ತದೆ?

ಕೊಕ್ಕರೆ ಬೆಳ್ಳೂರಿನವರು ಆ ಹಕ್ಕಿಗಳನ್ನು ಮನೆ ಮಕ್ಕಳ ಹಾಗೆ ನೋಡಿಕೊಂಡು ಬಂದಿದ್ದಾರೆ. ಇಂಥ ಮಾತು ಹರಡಿದರೆ ನಾಳೆ ಯಾರೋ ಗೂಡಿಗೆ ಕಲ್ಲು ಹೊಡೆಯುತ್ತಾರೆ.

ತಾಲ್ಲೂಕು ಡಾಕ್ಟರು:
ಇವರ ಮಾತಿಗೆ ನನ್ನ ಬೆಂಬಲ ಇದೆ. ಕೊಕ್ಕರೆಗಿಂತ ಪಾರಿವಾಳದ ಮೇಲೆ ಕಣ್ಣಿಡಿ. ಪಾರಿವಾಳಕ್ಕೆ ಹೊಂದಿಕೊಂಡ ಕೊಕ್ಕರೆ ರೋಗದ ವೈರಸ್ಸೇ ಒಂದಿದೆ. 1984ರಲ್ಲಿ ಬ್ರಿಟನ್‌ನಲ್ಲಿ ಲಿವರ್‌ಪೂಲ್ ಬಂದರಿನ ಗೋದಾಮಿನಲ್ಲಿ ಪಾರಿವಾಳ ಹಿಕ್ಕೆ ಹಾಕಿದ ಧಾನ್ಯ ಕೋಳಿ ತೀನಿಗೆ ಸೇರಿ, ಎಷ್ಟೋ ಶೆಡ್‌ಗಳಿಗೆ ರೋಗ ಹೋಯಿತು. ನಮ್ಮಲ್ಲಿ ಜೋಳದ ಚೀಲ ತೆರೆದಿಟ್ಟ ಗೋದಾಮು ಎಷ್ಟಿವೆ!

ಆದರೆ ಎಲ್ಲಕ್ಕಿಂತ ದೊಡ್ಡ ದಾರಿ ಗಾಡಿ. ಲೈನ್ ಗಾಡಿಯವರು ಬೇಜಾರು ಮಾಡಿಕೊಳ್ಳಬಾರದು. ಒಂದೇ ದಿನ ಹಲವು ಶೆಡ್‌ಗೆ ಹೋಗುತ್ತೀರಿ. ಟೈರು, ಕ್ರೇಟು, ಚಪ್ಪಲಿ ಯಾವುದೂ ತೊಳೆದಿರುವುದಿಲ್ಲ.

ಲೈನ್ ಗಾಡಿ:
ಬೇಜಾರೇನಿಲ್ಲ ಸಾರ್. ತೊಳೆಯೋಕೆ ನೀರು, ಔಷಧಿ ಯಾರು ಕೊಡುತ್ತಾರೆ? ರಾತ್ರಿ ತುಂಬಿಸಿ ಬೆಳಗ್ಗೆ ಅಂಗಡಿಗೆ ಇಳಿಸಬೇಕು. ತಡವಾದರೆ ತೂಕ ಇಳಿಯಿತು ಅಂತ ಬಾಡಿಗೆ ಹಿಡಿಯುತ್ತಾರೆ. ಶೆಡ್ ಬಾಗಿಲಲ್ಲಿ ಒಂದು ಪಂಪು, ಒಂದು ಡ್ರಮ್ ಸ್ಯಾನಿಟೈಸರ್ ಇಟ್ಟರೆ ನಾನೇ ಹೊಡೆದುಕೊಂಡು ಒಳಗೆ ಬರುತ್ತೇನೆ. ಹಾಗೆ ಇಟ್ಟಿರುವ ಶೆಡ್ ನಾನು ಬಹಳ ಕಡಿಮೆ ನೋಡಿದ್ದೇನೆ.

ಮೊಟ್ಟೆ ಶೆಡ್ ನಂಜನಗೂಡು:
ಇದು ನ್ಯಾಯವಾದ ಮಾತು. ನಮ್ಮ ಗೇಟಿನಲ್ಲಿ ಇಡಿಸುತ್ತೇನೆ.

ನಾಗಮಂಗಲ ನಾಟಿ:
ಮಧ್ಯೆ ಒಂದು ಕೇಳಬೇಕಿತ್ತು. ಮರಿಗೆ ಕಣ್ಣಿಗೆ ಡ್ರಾಪ್ ಹಾಕಿದ ಹುಡುಗನಿಗೆ ಎರಡು ದಿನ ಕಣ್ಣು ಕೆಂಪಾಗಿ ನೀರು ಸುರಿಯಿತು. ಅದು ಇದರಿಂದಲೇನಾ?

ತಾಲ್ಲೂಕು ಡಾಕ್ಟರು:
ಇರಬಹುದು. ಕೊಕ್ಕರೆ ರೋಗದ ವೈರಸ್, ವ್ಯಾಕ್ಸಿನ್ ವೈರಸ್ ಕೂಡ, ಕಣ್ಣಿಗೆ ತಾಗಿದರೆ ಮನುಷ್ಯರಿಗೆ ಕಣ್ಣುರಿ ಬರುತ್ತದೆ. ಸಾಮಾನ್ಯವಾಗಿ ತಾನಾಗೇ ಹೋಗುತ್ತದೆ. ಕನ್ನಡಕ, ಗ್ಲೌಸ್ ಕೊಡಿ. ಕಡಿಮೆಯಾಗದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಮದ್ದೂರು ಶೆಡ್:
ಎಲ್ಲರಿಗೂ ಧನ್ಯವಾದ. ನಿನ್ನೆ ಡಾಕ್ಟರು ಹೇಳಿದಂತೆ ಪಶು ಆಸ್ಪತ್ರೆಗೆ ತಿಳಿಸಿದೆ. ಅವರೇ ಬಂದು, ಹೊಸದಾಗಿ ಸತ್ತ ಕೋಳಿಗಳನ್ನು ಕಟ್ಟಿಕೊಂಡು ಹೋಗಿ ಪೋಸ್ಟ್‌ಮಾರ್ಟಂ ಮಾಡಿಸಿದರು. ಹೊಟ್ಟೆಯ ಒಳಗೋಡೆಯಲ್ಲಿ ರಕ್ತದ ಚುಕ್ಕೆ, ಕರುಳಿನಲ್ಲಿ ಹುಣ್ಣು ಇತ್ತಂತೆ. ಬರ್ಸಾ ಇರಬೇಕಾದ ಗಾತ್ರಕ್ಕಿಂತ ತುಂಬಾ ಸಣ್ಣದು. ಹಕ್ಕಿಜ್ವರದ ಪರೀಕ್ಷೆ ನೆಗೆಟಿವ್ ಬಂದಿದೆ, ಕೊಕ್ಕರೆ ರೋಗದ ಪಿಸಿಆರ್ ಪಾಸಿಟಿವ್. ಬದುಕಿರುವ ಕೋಳಿಗಳ ರಕ್ತ ತೆಗೆದು ಟೈಟರ್ ನೋಡುತ್ತೇವೆ ಅಂದಿದ್ದಾರೆ.

ತಾಲ್ಲೂಕು ಡಾಕ್ಟರು:
ಹಕ್ಕಿಜ್ವರ ಅಲ್ಲ ಅನ್ನುವುದೇ ದೊಡ್ಡ ಸಮಾಧಾನ. ಬರ್ಸಾ ಮುದುಡಿದ್ದು ನೋಡಿದರೆ ಮೊದಲು ಗಂಬೋರೋ, ಅದರ ಹಿಂದೆ ಕೊಕ್ಕರೆ ರೋಗ ಅನ್ನುವ ಅನುಮಾನ ಗಟ್ಟಿಯಾಗುತ್ತದೆ.

ಕೆಆರ್ ಪೇಟೆ ಮೈಕ್ರೋ:
ಅಣ್ಣ, ಇಲ್ಲಿಗೇ ಬಿಡಬೇಡಿ. ಪಿಸಿಆರ್ ಪಾಸಿಟಿವ್ ಬಂದ ಸ್ಯಾಂಪಲ್ ಲ್ಯಾಬಿನಲ್ಲಿ ಇರುವಾಗಲೇ ಎಫ್ ಜೀನ್ ಸೀಕ್ವೆನ್ಸಿಂಗ್‌ಗೆ ಕಳಿಸಲು ಕೇಳಿಕೊಳ್ಳಿ. ಬರ್ಸಾ ತುಂಡು ಇದ್ದರೆ ವಿಪಿ2 ಕೂಡ. ಆಗ ಜೀನೋಟೈಪ್ ಯಾವುದು, ಗಂಬೋರೋ ತಳಿ ಯಾವುದು ಅಂತ ಗೊತ್ತಾಗುತ್ತದೆ. ನಾಗಮಂಗಲದವರೂ ಮುಂದಿನ ಸಲ ಕಳಿಸಿ. ಎರಡು ಊರಿನ ವೈರಸ್ ಒಂದೇ ಕವಲಿನದ್ದಾ, ಬೇರೆ ಬೇರೆಯಾ ಅಂತ ನೋಡಿದರೆ ರೋಗ ಯಾವ ದಾರಿಯಲ್ಲಿ ಬಂತು ಅನ್ನುವುದೂ ಹೊಳೆಯುತ್ತದೆ.

ನಾಗಮಂಗಲ ನಾಟಿ:
ಕಳಿಸುತ್ತೇನೆ ಅಕ್ಕ. ಹೇಗೆ ಕಟ್ಟಬೇಕು?

ಕೆಆರ್ ಪೇಟೆ ಮೈಕ್ರೋ:
ಸಾಯುವ ಹಂತದ್ದು ಅಥವಾ ಈಗಷ್ಟೇ ಸತ್ತದ್ದು ಬೇಕು, ಕೊಳೆತದ್ದು ಬೇಡ. ಗ್ಲೌಸ್ ಹಾಕಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು ಅದೇ ದಿನ ತಲುಪಿಸಿ. ಫ್ರೀಜರ್‌ಗೆ ಹಾಕಬೇಡಿ, ಪೋಸ್ಟ್‌ಮಾರ್ಟಂಗೆ ಕಷ್ಟ. ಮರಿ ಬಂದ ದಿನ, ಹಾಕಿದ ವ್ಯಾಕ್ಸಿನ್, ಅದರ ಬ್ಯಾಚ್ ನಂಬರ್, ಸಾವು ಶುರುವಾದ ದಿನ, ಇಷ್ಟನ್ನು ಚೀಟಿಯಲ್ಲಿ ಬರೆದಿಡಿ. ಆದರೆ ಮೊದಲು ನಿಮ್ಮ ಪಶು ಆಸ್ಪತ್ರೆಗೆ ಫೋನ್ ಮಾಡಿ. ಹಕ್ಕಿಜ್ವರದ ಅನುಮಾನ ಇದ್ದರೆ ನೀವು ಸಾಗಿಸಬಾರದು, ಅವರೇ ಬರುತ್ತಾರೆ.

ಪಾಂಡವಪುರ ಗುರು:
ಮದ್ದೂರಣ್ಣ, ಮುಂದಿನ ಬ್ಯಾಚ್ ಯಾವಾಗ ಇಳಿಸುತ್ತೀರಿ? ಆತುರ ಬೇಡ ಅಂತ ನನ್ನ ಮಾತು.

ಮದ್ದೂರು ಶೆಡ್:
ಅದನ್ನೇ ಕೇಳಬೇಕಿತ್ತು. ಲಿಟ್ಟರ್, ಅದೇ ನೆಲಕ್ಕೆ ಹಾಸಿದ್ದನ್ನು ತೆಗೆದು ಸುಣ್ಣ ಹೊಡೆದರೆ ಸಾಕಾ ಡಾಕ್ಟ್ರೇ?

ತಾಲ್ಲೂಕು ಡಾಕ್ಟರು:
ಗಂಬೋರೋ ವೈರಸ್ ಬಹಳ ಗಟ್ಟಿ ಜೀವ. ಖಾಲಿ ಶೆಡ್‌ನಲ್ಲೇ ನಾಲ್ಕು ತಿಂಗಳು ಬದುಕಿದ್ದು ದಾಖಲಾಗಿದೆ. ಸುಣ್ಣ ಒಂದೇ ಸಾಲದು. ಹಳೇ ಲಿಟ್ಟರ್ ಪೂರ್ತಿ ತೆಗೆದು ದೂರ ಸಾಗಿಸಿ, ಶೆಡ್ ಹತ್ತಿರ ರಾಶಿ ಹಾಕಬೇಡಿ. ಸೋಪಿನ ನೀರಲ್ಲಿ ಉಜ್ಜಿ ತೊಳೆದು, ಒಣಗಿದ ಮೇಲೆ ಫಾರ್ಮಲಿನ್ ಅಥವಾ ಗ್ಲುಟರಾಲ್ಡಿಹೈಡ್ ಇರುವ ಔಷಧಿ ಹೊಡೆಸಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು. ಕಪ್ಪು ಜೀರುಂಡೆ ಇದ್ದರೆ ಅದನ್ನೂ ಮುಗಿಸಬೇಕು, ಅದು ವೈರಸ್ ಹೊತ್ತುಕೊಂಡು ಗೋಡೆ ಸಂದಿಯಲ್ಲಿ ಕೂರುತ್ತದೆ. ಮರಿ ಬಂದ ಕೂಡಲೇ ಕೆಲವು ಮರಿಗಳ ರಕ್ತ ಲ್ಯಾಬಿಗೆ ಕಳಿಸಿ. ತಾಯಿಯ ಪ್ರತಿಕಾಯ ಎಷ್ಟಿದೆ ನೋಡಿ ಗಂಬೋರೋ ವ್ಯಾಕ್ಸಿನ್ ಯಾವ ದಿನ ಹಾಕಬೇಕು ಅಂತ ನಾನೇ ಲೆಕ್ಕ ಹಾಕಿ ಹೇಳುತ್ತೇನೆ. ಈ ಸಲ ಮೊಟ್ಟೆ ಒಂದೇ ಕಡೆಯದ್ದು ಸಿಗುತ್ತದಾ ಅಂತ ಹ್ಯಾಚರಿಯವರನ್ನು ಕೇಳಿ.

ಮದ್ದೂರು ಶೆಡ್:
ಕೇಳುತ್ತೇನೆ. ಸೀಕ್ವೆನ್ಸಿಂಗ್ ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕುತ್ತೇನೆ ಮೇಡಂ.